ಕೆಂಪು ನೆಲಕ್ಕೆ ಚೊಗರು ಬಳಿದದ್ದು

ಆಗ ನನಗೆ ಇಪ್ಪತ್ತಮೂರು. ಲೆಕ್ಕ ಹಾಕಿದರೆ ನಲವತ್ತೈದು ವರ್ಷದ ಹಿಂದಿನ ಮಾತು. ಚನ್ನಗಿರಿಯ ಅತ್ತೆ ಮನೆಯಲ್ಲಿ ಹದಿಮೂರು ಜನ, ಅಂದರೆ ಇಪ್ಪತ್ತಾರು ಕಾಲು. ಅಡಿಕೆ ಸುಗ್ಗಿ ಬಂದರೆ ಸುಲಿಯುವ ಹೆಂಗಸರ ಕಾಲು ಬೇರೆ. ಇಷ್ಟೂ ಕಾಲು ಓಡಾಡುವ ನೆಲ ನನ್ನ ಪಾಲಿಗೆ ಬಂದಿತ್ತು. ಅಡುಗೆ ನನ್ನ ಓರಗಿತ್ತಿಯದು. ಅವಳ ಕೈಯಲ್ಲಿ ರುಚಿ ಇತ್ತು, ನನ್ನ ಕೈಯಲ್ಲಿ ಇರಲಿಲ್ಲ. ಅದಕ್ಕೆ ನನಗೆ ಪೊರಕೆ.

ನನ್ನ ತವರು ಜಗಳೂರಿನ ಕಡೆ. ಅಲ್ಲಿ ಮಣ್ಣಿನ ನೆಲ. ಗುಂಡಿ ಬಿದ್ದರೆ ಮಣ್ಣು ಮೆತ್ತಿ, ಮೇಲೆ ಸಗಣಿ ಸಾರಿಸಿದರೆ ಮುಗಿಯಿತು. ನೆಲ ಕೆಟ್ಟರೆ ಮೇಲೊಂದು ಪದರ ಬಳಿಯಬೇಕು. ನಾನು ಕಲಿತಿದ್ದ ವಿದ್ಯೆ ಅದೊಂದೇ.

ಇಲ್ಲಿ ನಡುಮನೆಗೆ ಕೆಂಪು ಸಿಮೆಂಟಿನ ನೆಲ, ಸುತ್ತ ಕರಿ ಅಂಚು. ಗಾರೆಯವನು ಬೂದಿ ಹಾಕಬೇಡಿ, ಸೋಡಾ ಹಾಕಬೇಡಿ, ಎಂಟು ದಿನಕ್ಕೊಮ್ಮೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಉಜ್ಜಿ ಎಂದು ಹೇಳಿಹೋಗಿದ್ದ. ಉಳಿದದ್ದನ್ನು ನಾನೇ ಕಂಡುಕೊಂಡೆ. ಗುಡಿಸದೆ ಒರೆಸಿದರೆ ಮಣ್ಣು ನೆಲವನ್ನು ಕೆರೆಯುತ್ತದೆ. ಬಕೆಟ್ ಎರಡು ಬೇಕು, ಒರೆಸುವುದಕ್ಕೊಂದು, ಬಟ್ಟೆ ಜಾಲಿಸುವುದಕ್ಕೊಂದು. ಹಳೆ ಪಂಚೆಯಷ್ಟು ಒಳ್ಳೆಯ ಬಟ್ಟೆ ಬೇರೆ ಇಲ್ಲ. ಮೂಲೆಯಿಂದ ಶುರು ಮಾಡಿ ಬಾಗಿಲ ಕಡೆ ಹಿಂದಕ್ಕೆ ಸರಿಯಬೇಕು. ಮಕ್ಕಳ ಉಚ್ಚೆ ಆಗಿಂದಾಗಲೇ ಒರೆಸಬೇಕು, ನಾಳೆ ಅಂದರೆ ಬಿಳಿ ಮಚ್ಚೆ ಕೂರುತ್ತದೆ. ಇಷ್ಟು ಮಾಡಿದರೂ ನಡುವಿನಲ್ಲಿ ಒಂದು ಚಾಪೆಯಗಲ ಜಾಗ ಬಣ್ಣಗೆಟ್ಟಿತು. ಗಂಡಸರು ಅಡಿಕೆ ಚೀಲ ಎತ್ತುತ್ತಿರಲಿಲ್ಲ, ಎಳೆಯುತ್ತಿದ್ದರು. ಹೇಳಿದರೆ ಯಾರು ಕೇಳುತ್ತಾರೆ.

ಆ ಸುಗ್ಗಿಯಲ್ಲಿ ನನ್ನ ತಂಗಿ ತವರಿನಲ್ಲಿ ಹೆತ್ತಿದ್ದಳು. ಚೊಚ್ಚಲು. ಬರುವ ಸೋಮವಾರ ಗಂಡನ ಮನೆಯವರು ಬಂದು ಅವಳನ್ನು ಕರೆದುಕೊಂಡು ಹೋಗುವವರಿದ್ದರು. ಅವಳ ಗಂಡನ ಊರು ಬಳ್ಳಾರಿಯಿಂದಾಚೆ. ಈಗ ನೋಡದಿದ್ದರೆ ಇನ್ನು ಯಾವಾಗಲೋ. ನಾನು ತವರಿಗೆ ಹೋಗಿ ಹದಿನಾಲ್ಕು ತಿಂಗಳಾಗಿತ್ತು. ಹತ್ತು ದಿನ ಹೋಗಿಬರಲೇ ಎಂದು ಅತ್ತೆಯನ್ನು ಕೇಳಿದೆ.

"ಗುರುವಾರ ಹೊನ್ನಾಳಿಯಿಂದ ನನ್ನ ತಮ್ಮ, ಅವನ ಹೆಂಡ್ತಿ ಬರ್ತಾರೆ. ಅವರ ಮನೇಗೆ ಮೊಸಾಯಿಕ್ ಹಾಕ್ಸ್ಯಾರಂತೆ, ಆಕಿ ಊರೆಲ್ಲ ಹೇಳ್ಕೊಂಡು ತಿರುಗ್ತಾಳೆ. ನಮ್ಮ ನೆಲ ಕನ್ನಡಿ ಹಂಗೆ ಕಾಣ್ಬೇಕು. ಮಾಡು, ಶುಕ್ರವಾರ ಬಸ್ ಹತ್ತು" ಅಂದರು ಅತ್ತೆ.

ಎರಡು ದಿನ ಎಣ್ಣೆ ಹಾಕಿ ಉಜ್ಜಿದೆ. ಅಂಚು ಮಿಂಚಿತು, ನಡುವಿನ ಜಾಗ ಬೂದುಗುಂಬಳದ ಹಾಗೆ ಮಂಕಾಗಿಯೇ ಉಳಿಯಿತು. ಬುಧವಾರ ಮಧ್ಯಾಹ್ನ ಹಿತ್ತಲಿಗೆ ಹೋದಾಗ ಅಡಿಕೆ ಬೇಯಿಸಿದ ಹಂಡೆ ಕಂಡಿತು. ತಳದಲ್ಲಿ ಚೊಗರು. ಅಡಿಕೆ ಬೆಂದ ನೀರು ಬತ್ತಿ ಬತ್ತಿ ಬೆಲ್ಲದ ಪಾಕದ ಹಾಗೆ ಕೆಂಪಗೆ ಗಟ್ಟಿಯಾಗುತ್ತದಲ್ಲ, ಅದು. ಬೇಯಿಸುವವಳ ಸೀರೆಗೆ ಬಿದ್ದ ಕಲೆ ಸೀರೆ ಹರಿದರೂ ಹೋಗುವುದಿಲ್ಲ. ಸೀರೆಯನ್ನು ಬಿಡದ್ದು ನೆಲವನ್ನು ಬಿಟ್ಟೀತೇ ಅಂದುಕೊಂಡೆ. ಒಂದು ಚೊಂಬು ತಂದು, ಹಳೆ ಬಟ್ಟೆಯಲ್ಲಿ ಅದ್ದಿ, ಸಗಣಿ ಸಾರಿಸುವ ಹಾಗೆಯೇ ಕೈ ಬೀಸಿ ನಡುಮನೆಗೆಲ್ಲ ಬಳಿದೆ. ಎಲ್ಲರಿಗೂ ಹಿತ್ತಲ ಬಾಗಿಲಲ್ಲಿ ಓಡಾಡಿ ಅಂದೆ.

ಗುರುವಾರ ಬೆಳಗ್ಗೆ ಮುಟ್ಟಿ ನೋಡಿದೆ. ಒಣಗಿತ್ತು. ಗೋಡೆಯ ಮೇಲಿನ ದೇವರ ಫೋಟೋ ನೆಲದಲ್ಲಿ ತಲೆಕೆಳಗಾಗಿ ಕಾಣುತ್ತಿತ್ತು.

"ಎಣ್ಣೆ ಎಷ್ಟು ಸುರುವಿದಿ?" ಅತ್ತೆ ಕೇಳಿದರು.

"ಬೇಕಾದಷ್ಟು" ಅಂದೆ. ಸುಳ್ಳು.

ಬಂದವರಿಗೆ ಕಾಲಿಗೆ ನೀರು ಕೊಡುವುದು ನಮ್ಮ ಪದ್ಧತಿ. ಓರಗಿತ್ತಿ ಎರಡು ಚೊಂಬು ನೀರು ಕೊಟ್ಟಳು. ಅವರು ಕಾಲು ತೊಳೆದು, ಒದ್ದೆ ಕಾಲಲ್ಲೇ ಒಳಗೆ ಬಂದರು. ಹೊನ್ನಾಳಿಯಾಕೆ ನೆಲ ನೋಡಿ ಮೊದಲು ಬಾಯಿ ಬಿಟ್ಟಳು. ನಾಲ್ಕು ಹೆಜ್ಜೆ ಇಟ್ಟಳು. ಐದನೆಯದಕ್ಕೆ ಕಾಲು ಅಂಟಿಕೊಂಡು, ಚಪ್ ಅಂತ ಸದ್ದು ಮಾಡಿ ಕಿತ್ತು ಬಂತು.

"ಅಯ್ಯೋ ಅತ್ತಿಗೆಮ್ಮಾ, ನಿಮ್ಮ ನೆಲ ನನ್ನ ಬಿಡವಲ್ದು ನೋಡ್ರಿ!"

"ಅದ್ಕಾದ್ರೂ ನಿನ್ನ ಮ್ಯಾಲೆ ಆಸೆ ಐತಲ್ಲ, ಸುಮ್ನಿರು" ಅಂದ ಅವಳ ಗಂಡ. ಹಾಗೆಂದವನು ಬಿಳಿ ಪಂಚೆಯಲ್ಲಿ ನೆಲದ ಮೇಲೇ ಕುಳಿತ. ಎದ್ದಾಗ ಪಂಚೆಯ ಹಿಂದೆ ತಟ್ಟೆಯಗಲ ಕೆಂಪು. ಮಕ್ಕಳು ಬಿದ್ದು ಬಿದ್ದು ನಕ್ಕವು. ಅಷ್ಟರಲ್ಲಿ ಅವೂ ಬಚ್ಚಲಿಂದ ಒದ್ದೆ ಕಾಲಲ್ಲಿ ಬಂದು ಅಡುಗೆಮನೆಯ ತನಕ ಕೆಂಪು ಹೆಜ್ಜೆ ಮೂಡಿಸಿದ್ದವು.

ಅತ್ತೆ ಬಗ್ಗಿ ಬೆರಳಲ್ಲಿ ಮುಟ್ಟಿ ಮೂಸಿದರು. ಅಡಿಕೆ ಮನೆಯವರು, ಹೇಳಿಕೊಡಬೇಕೇ.

"ಚೊಗರು. ಯಾರು ಬಳಿದೋರು?"

"ನಾನು" ಅಂದೆ.

"ಯಾಕೆ?"

"ಬಣ್ಣ ಹೋಗಿತ್ತು. ನೀವು ಕನ್ನಡಿ ಅಂದ್ರಿ."

ಹೊನ್ನಾಳಿಯಾಕೆ ಹೊರಡುವಾಗ ಹೊಸ್ತಿಲ ಹತ್ತಿರ ನಿಂತು, ನನಗೆ ಕೇಳಲಿ ಎಂದೇ ಅಂದಳು: "ಇಂಥಾ ಸೊಸೀನ ಇಟ್ಕೊಂಡು ಏನ್ಮಾಡ್ತೀರಿ? ತವರಿಗೆ ಅಟ್ಟಿಬಿಡ್ರಿ, ನೆಲ ಸಾರ್ಸ್ಕೊಂಡು ಇರ್ಲಿ."

ಅತ್ತೆ ಕುಂಕುಮ ಕೊಟ್ಟು ಕಳಿಸಿದರು.

ಸಂಜೆಯ ತನಕ ಓರಗಿತ್ತಿ, ನಾನು ಬಿಸಿನೀರು ಹೊಯ್ದು ತೊಳೆದೆವು. ಆರು ಸಲ. ತಣ್ಣೀರಿಗೆ ಅದು ಹರಡುತ್ತದೆ, ಬಿಸಿನೀರಿಗೆ ಬಿಡುತ್ತದೆ. ಜಿಗುಟೆಲ್ಲ ಹೋಯಿತು. ಬಣ್ಣಗೆಟ್ಟಿದ್ದ ಕಡೆ ಮಾತ್ರ ಚೊಗರು ಒಳಗಿಳಿದು, ಕೆಂಪು ನೆಲದ ನಡುವೆ ಒಂದು ಕಂದು ಚಾಪೆ ಹಾಸಿದ ಹಾಗೆ ಉಳಿಯಿತು. ಅತ್ತೆ ಬರಿಗಾಲಲ್ಲಿ ಅತ್ತಿಂದಿತ್ತ ನಡೆದು ನೋಡಿದರು.

"ನಾಳೆ ಹೋಗ್ಲಾ?" ನಾನು ಕೇಳಿಯೇಬಿಟ್ಟೆ. ಸೋಮವಾರ ಕಾಯುತ್ತದೆಯೇ.

"ಹೆಂಗೆ ಕಳಿಸ್ಲಿ? ನಾಳೆ ನೀನು ಬಸ್ ಹತ್ತಿದ್ರೆ ಓಡ್ಸಿದ್ರು ಅಂತಾರೆ. ಆಕಿ ಹೇಳ್ದಂಗೆ ಆತು ಅಂತ ಹೊನ್ನಾಳಿ ತುಂಬ ಸಾರ್ತಾಳೆ. ಹದಿನೈದು ದಿನ ತಡಿ."

"ಹದಿನೈದು ದಿನಕ್ಕೆ ತಂಗಿ ಇರಲ್ಲ. ಜನ ಏನಾರ ಅನ್ಲಿ, ನಾನು ಹೋಗಾಕೇ ಬೇಕು."

ಅತ್ತೆಗೆ ಎದುರು ಮಾತಾಡಿದ್ದು ಅದೇ ಮೊದಲು. ಓರಗಿತ್ತಿ ಬಕೆಟ್ ಎತ್ತಿಕೊಂಡು ಬಚ್ಚಲಿಗೆ ನಡೆದಳು. ಅತ್ತೆ ಎಲೆಗೆ ಸುಣ್ಣ ಹಚ್ಚಿದರು, ಮಡಚಿದರು, ಬಾಯಿಗೆ ಹಾಕಿಕೊಂಡು ಅಗಿದರು. ಅಗಿಯುವುದು ಮುಗಿಯುವ ತನಕ ನಾನು ಅಲ್ಲೇ ನಿಂತಿದ್ದೆ.

"ನಾನೂ ಬರ್ತೀನಿ" ಅಂದರು. "ಅತ್ತೆ ಜತೀಗಿದ್ರೆ ಓಡ್ಸಿದ್ರು ಅನ್ನಾಕೆ ಯಾರಿಗೆ ಬಾಯಿ ಐತೆ? ಆದ್ರೆ ಒಂದೇ ರಾತ್ರಿ. ಸುಗ್ಗಿ ಬಿಟ್ಟು ಹೆಚ್ಗೆ ಕುಂದ್ರಾಕೆ ಆಗಲ್ಲ."

ಇದನ್ನು ನನ್ನ ಮೇಲಿನ ಪ್ರೀತಿ ಅಂತ ನಾನು ಆಗಲೂ ತಿಳಿಯಲಿಲ್ಲ, ಈಗಲೂ ತಿಳಿಯುವುದಿಲ್ಲ. ಅದು ತಮ್ಮನ ಹೆಂಡತಿಯ ಮೇಲಿನ ಹಟ. ಹಟವಾದರೇನು, ನನಗೆ ಬೇಕಿದ್ದದ್ದು ಸಿಕ್ಕಿತು. ಕೇಳಿದ್ದು ಹತ್ತು ದಿನ, ಸಿಕ್ಕಿದ್ದು ಒಂದು ರಾತ್ರಿ.

ಮಾರನೆಯ ಬೆಳಗ್ಗೆ ಬೇಗ ಎದ್ದು ನಡುಮನೆ ಗುಡಿಸಿ, ಎರಡು ನೀರಲ್ಲಿ ಒರೆಸಿದೆ. ಎಣ್ಣೆ ಮುಟ್ಟಲಿಲ್ಲ. ಬಟ್ಟೆ ಹಿಂಡಿ ಹಗ್ಗಕ್ಕೆ ಹಾಕಿದೆ. ಅತ್ತೆಯ ಕೈಚೀಲವನ್ನೂ ನನ್ನದನ್ನೂ ಎತ್ತಿಕೊಂಡು ದಾವಣಗೆರೆ ಬಸ್ಸು ಹತ್ತಿದೆ. ಕಿಟಕಿಯ ಕಡೆ ಅತ್ತೆ ಕೂತರು.