ಸ್ಟೋರ್ ಮಾವನ ಮನೆಖರ್ಚು

ನನ್ನ ಅಮ್ಮನ ತಮ್ಮನನ್ನು ಮನೆಯಲ್ಲಿ ಎಲ್ಲರೂ ಸ್ಟೋರ್ ಮಾವ ಎನ್ನುತ್ತೇವೆ. ಆಸ್ಪತ್ರೆಯ ಸ್ಟೋರಿನಲ್ಲಿ ಅವನ ಕೆಲಸ. ಹತ್ತಿ, ಬ್ಯಾಂಡೇಜು, ಸಿರಿಂಜು, ಕೈಗವಸು, ಫಿನಾಯಿಲು, ಮಂಚದ ಹೊದಿಕೆ, ಯಾವುದೇ ಆಗಲಿ, ಅವನ ಕೈ ದಾಟಿಯೇ ವಾರ್ಡಿಗೆ ಹೋಗಬೇಕು. ನೆಲಮಾಳಿಗೆಯ ಆ ಉದ್ದನೆಯ ಕೋಣೆಗೆ ಒಂದೇ ಕಿಟಕಿ, ಕಿಟಕಿಗೆ ಅಡ್ಡವಾಗಿ ಒಂದು ಹಲಗೆ, ಹಲಗೆಯ ಹಿಂದೆ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡ ಮಾವ. ಸಾಮಾನು ಕೊಡುವುದು ಸೋಮವಾರ ಮತ್ತು ಗುರುವಾರ ಮಾತ್ರ. ಮಿಕ್ಕ ದಿನ ಯಾರೇ ಬಂದರೂ, ತಲೆ ಎತ್ತದೆ, ಬಹಳ ಮರ್ಯಾದೆಯಿಂದ, ಇವತ್ತಲ್ಲ, ಇಂಥ ದಿನ ಬನ್ನಿ ಎನ್ನುತ್ತಾನೆ. ಒಮ್ಮೆ ದೊಡ್ಡ ಡಾಕ್ಟರೇ ಖುದ್ದಾಗಿ ಇಳಿದು ಬಂದು ಬರಿಗೈಯಲ್ಲಿ ಮೆಟ್ಟಿಲು ಹತ್ತಿದ್ದರಂತೆ. ಇದನ್ನು ಹೇಳುವಾಗ ಮಾವನ ಮುಖದಲ್ಲಿ ಪದಕ ಗೆದ್ದವನ ನಾಚಿಕೆ ಇರುತ್ತದೆ. ಹಾಗೆಂದು ಅವನೇನು ಕಟುಕನಲ್ಲ. ಜೀವಕ್ಕೆ ಅಪಾಯವಾದಾಗ ಬೇಕಾಗುವ ಸಾಮಾನಿಗೆ ಬೇರೆಯೇ ಒಂದು ಬೀರು ಇದೆ. ಅದಕ್ಕೆ ವಾರವಿಲ್ಲ, ವೇಳೆಯಿಲ್ಲ.

ಅವನ ಮನೆಯೂ ಸ್ಟೋರಿನ ಒಡಹುಟ್ಟಿದ ತಂಗಿಯ ಹಾಗೇ ಇತ್ತು. ಸೋಪುಗಳು ಇಟ್ಟಿಗೆಯಂತೆ ಒಂದರ ಮೇಲೊಂದು, ಪ್ರತಿಯೊಂದರ ಮೇಲೂ ಕೊಂಡ ತಾರೀಖು ಪೆನ್ಸಿಲಿನಲ್ಲಿ. ಮೊದಲು ಬಂದದ್ದು ಮೊದಲು ಹೋಗಬೇಕು ಎಂಬುದು ಸ್ಟೋರಿನ ಇನ್ನೊಂದು ನಿಯಮ. ಔಷಧಿಗೆ ಅದು ಸರಿ. ಬ್ರೆಡ್ಡಿಗೆ ಏನಾಗುತ್ತದೆ ನೋಡಿ: ನಿನ್ನೆಯದು ಮುಗಿಯದೆ ಇವತ್ತಿನದನ್ನು ಮುಟ್ಟುವಂತಿಲ್ಲ, ನಿನ್ನೆಯದು ಮುಗಿಯುವ ಹೊತ್ತಿಗೆ ಇವತ್ತಿನದು ನಿನ್ನೆಯದಾಗಿರುತ್ತದೆ. ಹೀಗಾಗಿ ದಿನವೂ ತಾಜಾ ಬ್ರೆಡ್ಡು ಕೊಂಡು ತರುತ್ತಿದ್ದ ಮಾವ ಒಂದು ದಿನವೂ ತಾಜಾ ಬ್ರೆಡ್ಡು ತಿಂದವನಲ್ಲ. ನಾನು ಇದನ್ನು ಲೆಕ್ಕ ಹಾಕಿ ತೋರಿಸಿದಾಗ ಸ್ವಲ್ಪ ಹೊತ್ತು ಯೋಚಿಸಿ, ನಿಯಮದಲ್ಲಿ ತಪ್ಪಿಲ್ಲ, ಬ್ರೆಡ್ಡಿನಲ್ಲೇ ಏನೋ ಇದೆ ಎಂದ.

ಇಂಥವನಿಗೆ ನಲವತ್ತು ದಾಟಿದ ಮೇಲೆ ಪ್ರೀತಿ ಆಯಿತು. ಅವಳು ಹೆಂಗಸರ ಪಾರ್ಲರ್ ನಡೆಸುವವಳು. ತಿಂಗಳುಗಟ್ಟಲೆ ಮಲಗಿರುವ ರೋಗಿಗಳ ಕೂದಲು ಕತ್ತರಿಸಲು ಆಸ್ಪತ್ರೆಯವರು ಅವಳನ್ನು ಕರೆಸಿದ್ದರು. ಟವೆಲು ಕೇಳಲು ಅವಳು ಸ್ಟೋರಿಗೆ ಹೋದದ್ದು ಮಂಗಳವಾರ. ಮಾವ ಎಂದಿನಂತೆ ವಾಪಸ್ಸು ಕಳಿಸಿದ. ಆದರೆ ಗುರುವಾರ ಅವಳು ಬರುವ ಮೊದಲೇ ಟವೆಲಿನ ಕಟ್ಟನ್ನು ತಾನೇ ಹೊತ್ತುಕೊಂಡು ವಾರ್ಡಿಗೆ ಹೋದ. ಯಾರೂ ಕೇಳದೆ ಸ್ಟೋರಿನಿಂದ ಸಾಮಾನು ಹೊರಗೆ ಹೋದದ್ದು ಅದೇ ಮೊದಲು. ನನ್ನ ತಮ್ಮ ಕೈ ತಪ್ಪಿದ ಅಂತ ನನಗೆ ಅವತ್ತೇ ಗೊತ್ತಾಯಿತು ಎಂದು ಅಮ್ಮ ಈಗಲೂ ಹೇಳುತ್ತಾಳೆ.

ನನಗೆ ಅತ್ತೆಯಾಗಲಿದ್ದ ಅವಳು ಬದುಕಿದ ರೀತಿಯೇ ಬೇರೆ. ಪಾರ್ಲರ್ ಎಂದರೆ ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗಿನ ಜಾಗ. ಒಂದು ಕುರ್ಚಿ, ಒಂದು ಕನ್ನಡಿ, ಎತ್ತರದ ಗಿರಾಕಿ ಎದ್ದು ನಿಂತರೆ ತಲೆಗೆ ಮೆಟ್ಟಿಲು ತಾಗುತ್ತದೆ. ಸಂಜೆ ಬಾಗಿಲು ಹಾಕಿದ ಮೇಲೆ ಅಂದಿನ ಹಣದಲ್ಲಿ ಅಂಗಡಿಯ ಬಾಡಿಗೆಗೆ ಇಷ್ಟು, ನಾಳೆಯ ಸಾಮಾನಿಗೆ ಇಷ್ಟು ಎಂದು ತೆಗೆದಿಟ್ಟು, ಉಳಿದದ್ದನ್ನು ಹಿಡಿದು ಮಾರುಕಟ್ಟೆಗೆ ಹೋಗುವಳು. ಒಳ್ಳೆಯ ದಿನವಾದರೆ ಸೇಬು, ಮೀನು. ಇಲ್ಲದಿದ್ದರೆ ಒಂದು ಮೊಟ್ಟೆ. ಎಣ್ಣೆಯೂ ಚಿಕ್ಕ ಪೊಟ್ಟಣದಲ್ಲಿ, ಶಾಂಪೂವೂ ಚಿಕ್ಕ ಪೊಟ್ಟಣದಲ್ಲಿ. ಅಪ್ಪ ಸತ್ತ ವರ್ಷ ಶಾಲೆ ಬಿಟ್ಟು ಕತ್ತರಿ ಹಿಡಿದವಳು. ಅಂದಿನಿಂದ ಒಂದು ಕಾಸಿಗೂ ಯಾರ ಮುಂದೆಯೂ ಕೈ ಒಡ್ಡಿದವಳಲ್ಲ. ವಾಸಕ್ಕೆ ತಾರಸಿಯ ಮೇಲೊಂದು ಬಾಡಿಗೆ ಕೋಣೆ ಇತ್ತು.

ಇಬ್ಬರೂ ಒಂದೇ ಮನೆಯಲ್ಲಿ ಇರುವುದು ಎಂದಾದಾಗ ಖರ್ಚಿನ ಮಾತುಕತೆ ನಡೆದದ್ದು ನಮ್ಮ ಅಡುಗೆಮನೆಯ ಮೇಜಿನ ಸುತ್ತ. ಮಾವ ದೊಡ್ಡ ಯೋಜನೆಯೊಂದಿಗೆ ಬಂದಿದ್ದ. ಅವನ ಸಂಬಳ, ಅವಳ ದಿನದ ಗಳಿಕೆ, ಎಲ್ಲವೂ ಬೀರುವಿನ ಒಂದೇ ಖಾನೆಗೆ ಬೀಳಬೇಕು. ತಿಂಗಳ ಮೊದಲ ದಿನವೇ ಇಡೀ ತಿಂಗಳ ಸಾಮಾನು ಬರಬೇಕು. ಕೈಖರ್ಚನ್ನು ವಾರಕ್ಕೆ ಎರಡು ಸಲ ತೆಗೆದು ಇಬ್ಬರೂ ಹಂಚಿಕೊಳ್ಳಬೇಕು. ಯಾವ ದಿನ ಎಂದು ನಾವು ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ.

ಅತ್ತೆ ನಗುತ್ತಲೇ ಒಪ್ಪಿದಳು. ಇಷ್ಟು ವರ್ಷ ಒಬ್ಬಳೇ ಕೂಡಿ ಕಳೆದು ಸಾಕಾಗಿದೆ, ಆ ತಲೆನೋವು ಇನ್ನೊಬ್ಬರು ಹೊತ್ತರೆ ನನಗೇನು ನಷ್ಟ ಎಂದಳು. ಆದರೆ ಮಾವ ಕೈತೊಳೆಯಲು ಎದ್ದು ಹೋದಾಗ ಅಮ್ಮನಿಗೆ ಮೆಲ್ಲಗೆ ಒಂದು ಮಾತು ಹೇಳಿದಳು. ತಾರಸಿಯ ಕೋಣೆಯನ್ನು ಅವಳು ಬಿಟ್ಟಿರಲಿಲ್ಲ. ತಿಂಗಳ ಕೊನೆಯೊಳಗೆ ಹೇಳುತ್ತೇನೆ, ಅಲ್ಲಿಯವರೆಗೆ ಯಾರಿಗೂ ಕೊಡಬೇಡಿ ಎಂದು ಮನೆಯೊಡತಿಗೆ ತಿಳಿಸಿದ್ದಳು.

"ಅಕ್ಕ, ನಿಮ್ಮ ತಮ್ಮ ಒಳ್ಳೆಯವರು. ಆದ್ರೆ ಒಂದು ಸಲ ನನ್ನ ದುಡ್ಡನ್ನ ನಾನೇ ಕೇಳಿ ಇಸ್ಕೊಳ್ಳೋ ಹಾಗಾದ್ರೂ ನಾನು ವಾಪಸ್ ಹೋಗ್ತೀನಿ. ಜಗಳ ಮಾಡಲ್ಲ, ಸುಮ್ನೆ ಹೋಗ್ತೀನಿ."

ಅಮ್ಮ ತಲೆಯಾಡಿಸಿದಳು. ಅತ್ತೆಯ ಮುಖ ನೋಡಿದರೆ ಅದು ಬೆದರಿಕೆಯಂತೆ ಇರಲಿಲ್ಲ. ಛತ್ರಿ ತಂದಿದ್ದೇನೆ ಎನ್ನುವಷ್ಟೇ ಸಹಜವಾಗಿತ್ತು.

ನೋಂದಣಿ ಕಚೇರಿಯಲ್ಲಿ ಸಹಿ ಹಾಕಿ, ಎರಡು ಪೆಟ್ಟಿಗೆ ಮತ್ತು ಒಂದು ಕನ್ನಡಿಯೊಂದಿಗೆ ಅತ್ತೆ ಮಾವನ ಮನೆಗೆ ಬಂದಳು. ಮೊದಲ ವಾರಗಳಲ್ಲಿ ನಾನು ನೆಪ ಹುಡುಕಿಕೊಂಡು ಅಲ್ಲಿಗೆ ಹೋಗುತ್ತಿದ್ದೆ, ಅಷ್ಟು ಚಂದವಿತ್ತು ಆ ನಾಟಕ. ಮಾವ ಇಡೀ ತಿಂಗಳಿಗೆಂದು ಟೊಮೆಟೊ ತಂದು ಹಾಸಿದ. ಅತ್ತೆ ಅವು ಒಂದೊಂದಾಗಿ ಕೆಂಪಾಗಿ, ಮೆತ್ತಗಾಗಿ, ಕಣ್ಣೆದುರೇ ಕೊಳೆತು ಹೋಗುವುದನ್ನು ನೋಡುತ್ತ ಕೂತಳು. ಎಣ್ಣೆಯ ದೊಡ್ಡ ಡಬ್ಬ ಎತ್ತಲು ಅವಳಿಗೆ ಎರಡು ಕೈ ಬೇಕಾಗುತ್ತಿತ್ತು. ಇಷ್ಟು ಎಣ್ಣೆ ಮನೆಯಲ್ಲಿದ್ದರೆ ನೂರು ವರ್ಷ ಬದುಕಲೇಬೇಕು ಎಂಬ ಜವಾಬ್ದಾರಿ ಬಂದ ಹಾಗೆ ಆಗುತ್ತದೆ ಕಣೇ ಎಂದಳು ನನಗೆ. ಅತ್ತ ಮಾವನಿಗೆ ಅವಳ ಕೈಚೀಲದಲ್ಲಿ ಒಂದು ಚಿಕ್ಕ ಶಾಂಪೂ ಪೊಟ್ಟಣ ಸಿಕ್ಕಿತು. ಅದನ್ನು ಬೆಳಕಿಗೆ ಹಿಡಿದು, ಇಷ್ಟರಲ್ಲಿ ಏನು ತೊಳೆಯುತ್ತಾರೆ, ಗೊಂಬೆಯ ತಲೆಯೇ ಎಂದು ಕೇಳಿದನಂತೆ. ರಾತ್ರಿ ಊಟಕ್ಕೆ ಕೂತಾಗ ಇಬ್ಬರೂ ನಗುತ್ತಿದ್ದರು. ಸಂಜೆಯ ಹಣವನ್ನು ಖಾನೆಗೆ ಹಾಕುವಾಗ ಮಾತ್ರ ಅತ್ತೆಯ ಕೈ ಒಂದು ಗಳಿಗೆ ಅಲ್ಲೇ ನಿಲ್ಲುತ್ತಿತ್ತು. ಖಾನೆಯ ಕೀಲಿ ಮಾವನ ಹತ್ತಿರ ಇತ್ತು. ಯಾರೂ ಅದನ್ನು ನಿರ್ಧರಿಸಿರಲಿಲ್ಲ. ಕೀಲಿಗಳಿಗೆ ಅವನ ಜೇಬು ಅಭ್ಯಾಸವಾಗಿತ್ತು, ಅಷ್ಟೆ.

ಆ ತಿಂಗಳ ಕೊನೆಯ ಬುಧವಾರ ನಾನು ಪಾರ್ಲರಿನ ಕುರ್ಚಿಯಲ್ಲಿದ್ದೆ. ಅರ್ಧ ಕೂದಲು ಕತ್ತರಿಸಿ ಆಗಿತ್ತು. ಬೀದಿಯಲ್ಲಿ ಸಾಣೆ ಹಿಡಿಯುವವನ ಕೂಗು ಕೇಳಿಸಿತು. ಅವನು ಹೇಳಿ ಬರುವವನಲ್ಲ. ಒಮ್ಮೆ ತಪ್ಪಿದರೆ ಮತ್ತೆ ಯಾವಾಗಲೋ. ಕತ್ತರಿ ಮೊಂಡಾಗಿ ವಾರವಾಗಿತ್ತು. ನಾನೇ ಅವತ್ತಿನ ಮೊದಲ ಗಿರಾಕಿಯಾದ್ದರಿಂದ ಅತ್ತೆಯ ಕೈಯಲ್ಲಿ ಚಿಲ್ಲರೆಯೂ ಇರಲಿಲ್ಲ, ಸೋಮವಾರದ ಕೈಖರ್ಚು ಮುಗಿದಿತ್ತು, ನಿನ್ನೆಯದೆಲ್ಲ ಖಾನೆಯಲ್ಲಿತ್ತು. ನನ್ನ ಹತ್ತಿರ ಇದೆ ಎಂದು ಬಾಯಿ ತೆರೆಯುವಷ್ಟರಲ್ಲಿ ಅವನಿಗೆ ಕಾಯಲು ಹೇಳಿ ಮನೆಗೆ ಓಡಿದ್ದಳು. ಮನೆ ಪಕ್ಕದ ಬೀದಿಯಲ್ಲೇ. ಮಾವ ಊಟಕ್ಕೆ ಬಂದಿರುವ ಹೊತ್ತು.

ಬೇಗನೆ ವಾಪಸ್ಸು ಬಂದಳು. ಸಾಣೆಯವನಿಗೆ ಇವತ್ತು ಬೇಡಪ್ಪ ಎಂದಳು. ಒಳಗೆ ಬಂದು ಅದೇ ಮೊಂಡು ಕತ್ತರಿ ತೆಗೆದುಕೊಂಡಳು. ನನ್ನ ಕೂದಲು ಎಳೆದಂತಾಗಿ ಕಣ್ಣಲ್ಲಿ ನೀರು ಬಂತು. ಕನ್ನಡಿಯಲ್ಲಿ ನೋಡಿದರೆ ಅವಳ ಕಣ್ಣು ಒಣಗಿಯೇ ಇತ್ತು.

"ಅವರು ಡಬ್ಬ ಜೋಡಿಸ್ತಾ ಇದ್ರು," ಎಂದಳು ಕತ್ತರಿಸುತ್ತಲೇ. "ದುಡ್ಡು ಬೇಕಿತ್ತು ಅಂದೆ. ತಿರುಗಿ ಕೂಡ ನೋಡಲಿಲ್ಲ. ಇವತ್ತು ಬುಧವಾರ, ನಾಳೆ ಬನ್ನಿ ಅಂದ್ರು."

ನನಗೆ ನಗು ಬಂತು. ಅವಳ ಮುಖ ನೋಡಿ ತಡೆದುಕೊಂಡೆ. ನಾನೇ ಕೊಡುತ್ತಿದ್ದೆನಲ್ಲ ಅತ್ತೆ ಎಂದೆ. ನಿನ್ನ ಹತ್ತಿರ ಇರುತ್ತೆ ಅಂತ ಗೊತ್ತು, ಅಲ್ಲಿ ಇದ್ದದ್ದು ನನ್ನದೇ ದುಡ್ಡು ಕಣೇ ಎಂದಳು. ಕೆಳಗೆ ಬಿದ್ದ ಕೂದಲನ್ನು ಗುಡಿಸಿ, ಸಂಜೆ ತಾರಸಿ ಮನೆಯೊಡತಿಯನ್ನು ನೋಡಿ ಬರಬೇಕು ಎಂದು ತನಗೇ ಹೇಳಿಕೊಂಡಂತೆ ಹೇಳಿದಳು.

ನಾನು ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಒಲೆ ಆರಿಸಿ ಚಪ್ಪಲಿ ಮೆಟ್ಟಿಕೊಂಡು ನೇರ ಆಸ್ಪತ್ರೆಯ ನೆಲಮಾಳಿಗೆಗೆ ಇಳಿದಳು. ಬುಧವಾರವಾದ್ದರಿಂದ ಕಿಟಕಿಯ ಮುಂದೆ ಯಾರೂ ಇರಲಿಲ್ಲ.

"ಏನೋ, ಕಟ್ಕೊಂಡ ಹೆಂಡ್ತೀನೂ ನಿನಗೆ ಒಂದು ವಾರ್ಡಾ?"

ಮಾವನಿಗೆ ತಾನು ಅಂದದ್ದು ನೆನಪೇ ಇರಲಿಲ್ಲ. ಅದೇ ನೋಡಿ ದೊಡ್ಡ ತಪ್ಪಾದದ್ದು. ಅಮ್ಮ ಒಂದೊಂದು ಮಾತನ್ನೂ ನೆನಪು ಮಾಡಿಸಿದಳು, ತಾರಸಿಯ ಕೋಣೆಯ ವಿಷಯವನ್ನೂ ಹೇಳಿದಳು. ಅವನು ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕಿಕೊಂಡ, ಮತ್ತೆ ತೆಗೆದ. ಕೊನೆಗೆ ಕೇಳಿದ್ದು ಒಂದೇ ಮಾತು: ಆ ಕೋಣೆಯ ಬಾಡಿಗೆ ಎಷ್ಟು? ಅಮ್ಮನಿಗೆ ಸಿಟ್ಟು ನೆತ್ತಿಗೇರಿತು. ಸಂಸಾರ ಮುಳುಗುತ್ತಿರುವಾಗಲೂ ಬಾಡಿಗೆಯ ಚಿಂತೆಯೇ ಎಂದು ಬೈದು ಹೊರಟು ಬಂದಳು.

ಸಂಜೆ ತಾರಸಿಯ ಕೋಣೆಯಲ್ಲಿ ನಡೆದದ್ದನ್ನು ನನಗೆ ಹೇಳಿದವಳು ಮನೆಯೊಡತಿ. ಮೆಟ್ಟಿಲಲ್ಲಿ ಬಟ್ಟೆ ಮಡಿಸುತ್ತ ಕೂತಿದ್ದೆ, ಕಿವಿಗೆ ಬಿತ್ತು ಎಂದಳು. ಅಷ್ಟು ಹೊತ್ತು ಮಡಿಸಲು ಎಷ್ಟು ಬಟ್ಟೆ ಇತ್ತೋ, ನಾನು ಕೇಳಲಿಲ್ಲ. ಅವಳು ಸೇರಿಸಿದ ಅಳು, ಕಾಲು ಹಿಡಿದದ್ದು ಎಲ್ಲ ಬಿಟ್ಟು, ಆಮೇಲೆ ಅತ್ತೆ ಹೌದು ಎಂದು ಒಪ್ಪಿದ್ದನ್ನಷ್ಟೇ ಬರೆಯುತ್ತೇನೆ.

ಅತ್ತೆ ಖಾಲಿ ಕೋಣೆಯಲ್ಲಿ ನೆಲದ ಮೇಲೆ ಕೂತಿದ್ದಳು. ಮಾವ ಹೊಸ್ತಿಲಲ್ಲೇ ನಿಂತ. ತಪ್ಪಾಯಿತು ಎನ್ನುವ ಮಾತು ಅವನಿಗೆ ಬೇಗ ಬಾಯಿಗೆ ಬರುವುದಿಲ್ಲ. ಬಂದದ್ದು ಬೇರೆ ಮಾತು.

"ಈ ಕೋಣೆ ಬಿಡಬೇಡ. ಬಾಡಿಗೆ ಕೇಳ್ಕೊಂಡೆ. ಮನೆಖರ್ಚಿಗೆ ಸೇರಿಸೋಣ."

"ಯಾಕ್ರೀ, ನನ್ನನ್ನ ಇಲ್ಲಿಗೇ ಸಾಗಹಾಕೋ ಯೋಚನೇನಾ?"

"ಅಲ್ಲ." ಮಾವ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ಮಾತು ಹುಡುಕಿದ. "ಸ್ಟೋರಲ್ಲಿ ಒಂದು ಬೀರು ಇದೆ. ಅದರಲ್ಲಿರೋದನ್ನ ಯಾವತ್ತೂ ತೆಗೆಯೋ ಹಾಗೆ ಆಗದೇ ಇರಲಿ ಅಂತಾನೇ ಇಡ್ತೀವಿ. ಆದ್ರೆ ಅದು ಖಾಲಿ ಅಂತ ಮಾತ್ರ ಆಗಬಾರದು. ನಿನಗೂ ಹಾಗೇ ಒಂದು ಇರಲಿ. ನನ್ನ ಬಾಯಿ ನನಗೇ ಗೊತ್ತಾಗಲ್ಲ."

ಆಮೇಲೆ ಚೌಕಾಶಿ ಶುರುವಾಯಿತು. ಇಡೀ ಬಾಡಿಗೆ ನೀವು ಕೊಟ್ಟರೆ ಅದು ನಿಮ್ಮ ಕೋಣೆ ಆಗುತ್ತದೆ, ಮನೆಖರ್ಚಿನ ಮಾತು ಬೇಡ, ನನ್ನ ಕೋಣೆಗೆ ನಾನೇ ಕೊಡುತ್ತೇನೆ ಎಂದಳು. ಅರ್ಧವಾದರೂ ಇರಲಿ ಎಂದ ಮಾವ. ಕೊನೆಗೆ ಮಾವನದು ಮೂರರಲ್ಲೊಂದು ಪಾಲು ಎಂಬಲ್ಲಿಗೆ ನಿಂತಿತು. ಇನ್ನೊಂದು ಷರತ್ತನ್ನು ಅವಳು ಎದ್ದು ನಿಂತು ಹೇಳಿದಳು: ಅವಳ ದಿನದ ಗಳಿಕೆ ಯಾವ ಖಾನೆಗೂ ಬೀಳುವುದಿಲ್ಲ, ಅವಳ ಚೀಲದಲ್ಲೇ ಇರುತ್ತದೆ. ತಿಂಗಳಿಗೊಮ್ಮೆ ಬರುವ ಮನೆ ಬಾಡಿಗೆ, ಕರೆಂಟು, ಗ್ಯಾಸು ತಿಂಗಳ ಸಂಬಳದವರ ಪಾಲಿಗೆ. ದಿನವೂ ಬೇಕಾಗುವ ತರಕಾರಿ, ಹಾಲು, ಬ್ರೆಡ್ಡು ದಿನವೂ ಗಳಿಸುವವಳ ಪಾಲಿಗೆ. ಯಾರೂ ಯಾರನ್ನೂ ಕೇಳುವಂತಿಲ್ಲ. ಮಾವ ಒಪ್ಪಿದ. ಬ್ರೆಡ್ಡು ಎಂದಾಗ ಮಾತ್ರ ಒಂದು ಸಲ ಕೆಮ್ಮಿದನಂತೆ.

ಅದಾಗಿ ಎರಡು ವರ್ಷ ಕಳೆದಿದೆ. ಕೋಣೆ ಇನ್ನೂ ಅತ್ತೆಯ ಹೆಸರಿನಲ್ಲೇ ಇದೆ. ಉಪಯೋಗವಿಲ್ಲದ ಖರ್ಚು ಎಂದು ಅಮ್ಮ ಗೊಣಗಿದರೆ, ಮಾವನೇ ಅದರ ಪರವಾಗಿ ವಾದಿಸುತ್ತಾನೆ. ಮಧ್ಯೆ ಒಮ್ಮೆ ಬಾಡಿಗೆ ಏರಿದಾಗ ಅತ್ತೆಗೇ ಬಿಟ್ಟುಬಿಡುವ ಮನಸ್ಸಾಗಿತ್ತು, ಅವನು ಬಿಡಲಿಲ್ಲ.

ಕಳೆದ ತಿಂಗಳು ಬಟ್ಟೆ ಸೋಪಿನ ವಿಷಯಕ್ಕೆ ಇಬ್ಬರಿಗೂ ಮಾತು ಬೆಳೆಯಿತು. ಹೊಸ ಸೋಪನ್ನು ಅತ್ತೆ ಹಳೆಯದಕ್ಕಿಂತ ಮೊದಲು ತೆಗೆದಿದ್ದಳು. ಭಾನುವಾರ ಮಧ್ಯಾಹ್ನ ಮಾವ ಮುಖ ಊದಿಸಿಕೊಂಡು ಪಾರ್ಲರಿಗೆ ಬಂದು, ಗಿರಾಕಿಗಳ ಎದುರೇ, ತಾರಸಿ ಕೋಣೆಯ ಕೀಲಿ ಬೇಕಿತ್ತು ಎಂದ. ಅತ್ತೆ ಕತ್ತರಿ ಕೆಳಗಿಟ್ಟು, ಕೈ ಒರೆಸಿಕೊಂಡು, ಚೀಲದಿಂದ ಕೀಲಿ ತೆಗೆದು ಕೊಟ್ಟಳು. ಯಾಕೆ ಎಂದು ಕೇಳಲಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅವನು ಹಿಂದಿರುಗಿದ. ಕೆನ್ನೆಯ ಮೇಲೆ ಚಾಪೆಯ ಗೆರೆಗಳು ಮೂಡಿದ್ದವು. ಕೀಲಿಯನ್ನು ಅವಳ ಅಂಗೈಯಲ್ಲಿ ಇಟ್ಟ.

"ಅಲ್ಲಿ ಗಾಳಿ ಚೆನ್ನಾಗಿದೆ," ಎಂದ.

"ಗೊತ್ತು," ಎಂದಳು ಅತ್ತೆ.