ಶುಕ್ರನಿಂದ ಎರಡು ಮುಷ್ಟಿ

ಬಲಗೈ ನೇರ ಚಾಚಿ, ಮುಷ್ಟಿ ಬಿಗಿದು, ಒಂದು ಕಣ್ಣು ಮುಚ್ಚಿ ಪಡುವಣ ಆಕಾಶವನ್ನು ಅಳೆಯುತ್ತಿರುವ ಮೇಡಂ. ಮೊಣಕೈವರೆಗೆ ಜಾರಿದ ಸ್ವೆಟರಿನ ತೋಳು, ಕಾಲ ಬಳಿ ಒದ್ದೆ ಹುಲ್ಲು. ಅವರನ್ನು ನೆನೆದಾಗೆಲ್ಲ ಮೊದಲು ಬರುವ ಚಿತ್ರ ಇದು. ತೊಂದರೆಯೆಂದರೆ, ಆ ಸಂಜೆ ನಾನು ಅಲ್ಲಿರಲಿಲ್ಲ. ಬಾಳೂರಿನ ಆ ಗುಡ್ಡದ ಮೇಲೆ ಅವರಿಗೆ ಧೂಮಕೇತು ನಿಜವಾಗಿ ಕಂಡಿತೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ.

ಚಿಕ್ಕಮಗಳೂರಿನ ಕಾಲೇಜಿನಲ್ಲಿ ನನಗೆ ಭೌತಶಾಸ್ತ್ರ ಕಲಿಸಿದವರು ಅವರು. ಲೋಲಕದ ಪ್ರಯೋಗ ಮಾಡಿ, ಪುಸ್ತಕದಲ್ಲಿದ್ದ ಉತ್ತರವನ್ನೇ ತಂದು ತೋರಿಸಿದರೆ ಕನ್ನಡಕದ ಮೇಲಿಂದ ನೋಡುತ್ತಿದ್ದರು. "ಇಷ್ಟು ಸರಿಯಾಗಿದೆ ಅಂದ್ರೆ ಎಲ್ಲೋ ಕದ್ದಿದೀಯ ಮಾರಾಯ. ನಿನ್ನ ತಪ್ಪೆಲ್ಲಿ? ಅದನ್ನ ತಗೊಂಡ್ ಬಾ."

ನಿವೃತ್ತರಾದ ಮೇಲೆ ಬಾಳೂರಿನಲ್ಲಿ ತಮ್ಮನ ಎಸ್ಟೇಟಿನಲ್ಲಿದ್ದರು. ಧೂಮಕೇತು ಬರುವ ಸುದ್ದಿ ಕೇಳಿ ಫೋನ್ ಮಾಡಿದರು. ಅದರ ಕಕ್ಷೆಯನ್ನು ನಾವೇ ಕಂಡುಹಿಡಿಯಬೇಕಂತೆ. ಮೂರು ಬೇರೆ ಬೇರೆ ದಿನ ಅದು ಆಕಾಶದಲ್ಲಿ ಎಲ್ಲಿತ್ತೆಂದು ತಿಳಿದರೆ ದಾರಿಯನ್ನು ಲೆಕ್ಕ ಹಾಕಬಹುದು. ತಿರುಗಿ ಬರುವಂಥದೋ, ಹೋದರೆ ಹೋಗಿಯೇ ಬಿಡುವಂಥದೋ, ಅವರಿಗೆ ಬೇಕಿದ್ದದ್ದು ಅಷ್ಟೇ.

"ಎಲ್ಲಾ ಇಂಟರ್ನೆಟ್‌ನಲ್ಲಿದೆಯಲ್ಲ ಮೇಡಂ."

"ಊಟಾನೂ ಹೋಟ್ಲಲ್ಲಿ ಸಿಗುತ್ತೆ. ಮನೇಲಿ ಒಲೆ ಹಚ್ಚೋದು ಬಿಟ್ಟಿದೀವಾ?"

ಎರಡು ಮುಂಜಾವು ಗುಡ್ಡ ಹತ್ತಿ ಅದನ್ನು ನನ್ನ ಕ್ಯಾಮೆರಾದಲ್ಲಿ ಹಿಡಿದೆವು. ಪೊರೆ ತೆಗೆಸಿದ್ದ ಅವರ ಬರಿಗಣ್ಣಿಗೆ ಅದು ಸಿಗಲಿಲ್ಲ. ಕ್ಯಾಮೆರಾದ ಪರದೆಯ ಮೇಲೆ ನೋಡಿ, ಸ್ವೆಟರಿನ ಗುಂಡಿ ಹಾಕಿಕೊಂಡರು.

ಆಮೇಲೆ ಧೂಮಕೇತು ಸೂರ್ಯನನ್ನು ಸುತ್ತಿ ಸಂಜೆಯ ಆಕಾಶಕ್ಕೆ ಬಂತು. ಅಲ್ಲಿ ಮೂರನೆಯ ಸ್ಥಾನ ಸಿಗದೆ ಲೆಕ್ಕ ಮುಗಿಯುವಂತಿರಲಿಲ್ಲ. ಆದರೆ ದಿನವೂ ಮೋಡ. ಅವರನ್ನು ಗುಡ್ಡಕ್ಕೆ ಕರೆದೊಯ್ಯುತ್ತಿದ್ದ ಜೀಪಿನವನ ರಾಗ ಬೇರೆ: "ಬಾಲದ ನಕ್ಷತ್ರ ಆಮೇಲೆ ನೋಡಣ ಮೇಡಂ, ಮೊದ್ಲು ಸ್ವಲ್ಪ ಬಿಸ್ಲು ತರ್ಸಿ. ಕಾಫಿ ಕಾಯಿ ಉದುರ್ತಾ ಇದೆ."

ಒಂದು ಸಂಜೆ ಚಿಕ್ಕಮಗಳೂರಿನಲ್ಲಿ ಮಳೆ ಹಿಡಿದು ನಾನು ಹೊರಡಲಿಲ್ಲ. ಕತ್ತಲಾಗುವಾಗ ಫೋನು.

"ಸಿಕ್ತು ಮಾರಾಯ! ಮೋಡ ಹರೀತು, ಒಂದೇ ಗಳಿಗೆ. ಬರ್ಕೊ. ಶುಕ್ರನಿಂದ ಎರಡು ಮುಷ್ಟಿ, ಸ್ವಾತಿ ನಕ್ಷತ್ರದಿಂದ ಎರಡೂವರೆ."

ಚಾಚಿದ ಕೈಯ ಮುಷ್ಟಿಯೆಂದರೆ ಆಕಾಶದಲ್ಲಿ ಸುಮಾರು ಹತ್ತು ಡಿಗ್ರಿ. ಕ್ಯಾಮೆರಾಕ್ಕೆ ಮಾತ್ರ ಸಿಕ್ಕದ್ದು ಈಗ ಈ ಕಣ್ಣಿಗೆ, ಇಂಥ ಮೋಡದಲ್ಲಿ ಸಿಕ್ಕಿತೇ? "ಅದೇ ಅಂತ ಗ್ಯಾರಂಟಿನಾ ಮೇಡಂ?" ಎಂದೆ.

"ಡೌಟಿದ್ರೆ ಡೌಟು ಅಂತ್ಲೇ ಪಕ್ಕದಲ್ಲಿ ಬರಿ. ಅಳಿಸ್ಬೇಡ."

ಅಳಿಸಲಿಲ್ಲ. ಮುಷ್ಟಿಯ ಅಳತೆಯಿಂದ ಬಂದ ಕಕ್ಷೆ ಯಾವುದನ್ನೂ ಖಚಿತವಾಗಿ ಹೇಳಲಿಲ್ಲ. "ಬರಬಹುದು ಮೇಡಂ, ಬಾರದೆಯೂ ಇರಬಹುದು" ಎಂದೆ.

"ಹಂಗಾದ್ರೆ ಬಾಗ್ಲು ಹಾಕೋದು ಬೇಡ," ಎಂದು ನಕ್ಕರು.

ಮುಂದಿನ ಮಳೆಗಾಲದಲ್ಲಿ ಅವರು ತೀರಿಕೊಂಡರು. ಬಾಳೂರಿಗೆ ಹೋದಾಗ ಜೀಪಿನವನನ್ನು ಕೇಳಿದೆ. "ನಾ ಒಳಗೇ ಕೂತಿದ್ದೆ ಸಾರ್. ಗಾಜಿನ ತುಂಬ ಮಂಜು. ಮೇಡಂ ಕೈ ಚಾಚ್ಕಂಡು ನಿಂತಿದ್ದಷ್ಟೇ ಕಾಣ್ತು." ನನ್ನ ತಲೆಯಲ್ಲಿರುವ ಚಿತ್ರ ಬಹುಶಃ ಅವನದು. ಸ್ವೆಟರಿನ ತೋಳು ಮತ್ತು ಒದ್ದೆ ಹುಲ್ಲನ್ನು ನಾನೇ ಸೇರಿಸಿಕೊಂಡಿರಬೇಕು. ಈಗಲೂ ಸಂಜೆ ಪಡುವಣ ತೆರವಾದರೆ ನನ್ನ ಕೈ ತಾನಾಗಿ ಮುಷ್ಟಿ ಕಟ್ಟುತ್ತದೆ. ಅಳತೆ ಹೇಳುವುದಕ್ಕೆ ಫೋನಿನ ಆ ಕಡೆ ಯಾರೂ ಇಲ್ಲ.

ಮೊನ್ನೆ ಕೊನೆಗೂ ಕೂತು ಆ ಸಂಜೆ ಧೂಮಕೇತು ಎಲ್ಲಿತ್ತೆಂದು ತಾಳೆ ನೋಡಿದೆ. ಸರಿಯಾದ ಜಾಗವನ್ನು ತೋರಿಸುವ ಆಪ್ ಆಗ ಎಲ್ಲರ ಫೋನಿನಲ್ಲೂ ಇತ್ತು. ಮೇಡಂ ಫೋನಿನಲ್ಲೂ ಅವರ ತಮ್ಮನ ಮಗಳು ಹಾಕಿಕೊಟ್ಟಿದ್ದಳು. ನೋಡಿ ಹೇಳಿಬಿಡುವುದು ಸುಲಭವಿತ್ತು.

ಅವರು ಹೇಳಿದ ಜಾಗ, ಚಾಚಿದ ಕೈಯ ಒಂದು ಹೆಬ್ಬೆಟ್ಟಿನಗಲ ತಪ್ಪಾಗಿತ್ತು.