ಅವ್ವೆಯ ದನಿ ಯಾರದು?

ಹೆಡ್‌ಫೋನ್ ಕಿವಿಗಿಟ್ಟ ಕೂಡಲೇ ಮಾದಿಯಜ್ಜಿ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡರು. “ಇದು ಎಂಗ ಅವ್ವೆ! ಎಂಗ ಅವ್ವೆದೇ ದನಿ!”

ನಮ್ಮೂರಾದ ಹುಬ್ಬತಲೈಯಲ್ಲಿ ನಮ್ಮ ಅಂಗಡಿಯ ಪಕ್ಕದ ಮನೆಯವರು ಈ ಅಜ್ಜಿ. ಅವರ ಕಣ್ಣನ್ನು ಡಾಕ್ಟರಿಗೆ ತೋರಿಸಲು ಊಟಿಗೆ ಬಂದಿದ್ದ ನಾವು, ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ವಸ್ತುಸಂಗ್ರಹಾಲಯವೊಂದನ್ನು ಹೊಕ್ಕಿದ್ದೆವು. ಹಿಂದೆ ಊರೂರಿಗೆ ಹೋಗಿ ಧ್ವನಿಮುದ್ರಿಸಿದ್ದ ಹಳೆಯ ಹಾಡುಗಳನ್ನು ಕಂಪ್ಯೂಟರಿಗೆ ಹಾಕಿ ಅಲ್ಲಿ ಕೇಳಿಸುತ್ತಿದ್ದರು. ಪರದೆಯ ಮೇಲೆ ‘ಬೆಟ್ಟದ ಹೆಂಗಸಿನ ಜೋಗುಳ’ ಎಂದಷ್ಟೇ ಇತ್ತು. ಹೆಸರಿರಲಿಲ್ಲ.

ತೀರಿಹೋದ ತಾಯಿಯದೊಂದು ಫೋಟೋ ಕೂಡ ಅಜ್ಜಿಯ ಬಳಿ ಇಲ್ಲ. ಹಾಡನ್ನು ನನ್ನ ಫೋನಿಗೆ ಹಾಕಿಕೊಡಿ ಎಂದು ಕೇಳಿದೆ. ಉಸ್ತುವಾರಿಯ ಹುಡುಗಿ ನಮ್ಮಿಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿದಳು.

“ಕಾಪಿರೈಟ್ ನಮ್ಮ ಸಂಸ್ಥೆಯದು, ಮೇಡಂ. ಇವರು ಮಗಳು ಅನ್ನೋದಕ್ಕೆ ಏನು ಪ್ರೂಫ್?”

ಅಜ್ಜಿ ಹೆಡ್‌ಫೋನ್ ತೆಗೆದಿಟ್ಟು, ಜೋಗುಳವನ್ನು ಅಲ್ಲೇ ನಿಂತು ಕೊನೆಯವರೆಗೂ ಹಾಡಿದರು. ಹುಡುಗಿಯ ಮುಖ ಮೆತ್ತಗಾಯಿತು. ತನ್ನ ಫೋನ್ ಹೊರತೆಗೆದು, “ಪಾಟ್ಟಿ, ಇನ್ನೊಂದು ಸಲ ಹಾಡಿ, ರೆಕಾರ್ಡ್ ಮಾಡ್ಕೋತೀನಿ” ಎಂದಳು.

ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. “ಇದನ್ನೂ ಬೀಗ ಹಾಕಿ ಮಡಗಿರೆ, ನಾ ಆರ ಹತ್ರ ಕೇಳೋದು?”

ಹಿಂತಿರುಗುವಾಗ ಬಸ್ಸಿನಲ್ಲಿ ಅಜ್ಜಿ ತಾವಾಗಿಯೇ ಆ ಜೋಗುಳವನ್ನು ಮೆಲ್ಲಗೆ ನನಗೆ ಹೇಳಿಕೊಡತೊಡಗಿದರು. ಮುಂದಿನ ಸೀಟಿನವನು ಫೋನ್ ಎತ್ತಿದ್ದೇ ತಡ, ಥಟ್ಟನೆ ನಿಲ್ಲಿಸಿಬಿಟ್ಟರು. ಅವನು ತೆಗೆಯುತ್ತಿದ್ದದ್ದು ತನ್ನ ಮಗಳ ಫೋಟೋ ಅಷ್ಟೇ. ಅದನ್ನು ಅಜ್ಜಿಗೆ ಹೇಳಿದೆ. ಆದರೂ ನಮ್ಮೂರು ಬರುವವರೆಗೆ ಅವರು ಮತ್ತೆ ಬಾಯಿ ತೆರೆಯಲಿಲ್ಲ.